ಸೂರು ಮುಟ್ಟದ ಗೋಡೆ

ಟ್ಯಾಗು ಕೊರಳಿಗೆ ಬಿದ್ದಾಗ ಖುಷಿಯಾಯಿತಲ್ಲ, ಅದು ತಪ್ಪೋ ಏನೋ ಎಂಬ ಸಣ್ಣ ಕಸಿವಿಸಿ ಹರಿಣಾಕ್ಷಿಯನ್ನು ಬೆಳಗಿನಿಂದ ಬಿಟ್ಟಿರಲಿಲ್ಲ. ನೀಲಿ ದಾರ, ಪ್ಲಾಸ್ಟಿಕ್ ಕವರು, ಒಳಗೆ 'ಸ್ವಯಂಸೇವಕಿ' ಎಂದು ಅಚ್ಚು, ಅದರ ಕೆಳಗೆ ಅವಳ ಹೆಸರು, ಹೆಸರಿನ ಪಕ್ಕ ಬಿ.ಎ. ಕನ್ನಡಿ ಚೂರಿನಲ್ಲಿ ಮೂರು ಸಲ ನೋಡಿಕೊಂಡಿದ್ದಳು. ಆಮೇಲೆ ಡೈರಿ ತೆಗೆದು ಬರೆದಿದ್ದಳು: 'ಸುಬ್ಬ ಚಿಕ್ಕಪ್ಪ ಸತ್ತದ್ದಕ್ಕೆ ಈ ಶಿಬಿರ. ಶಿಬಿರಕ್ಕೆ ನನಗೆ ಟ್ಯಾಗು. ನನಗೆ ಖುಷಿ. ನಾನು ಎಂಥವಳು?'

"ಏಯ್ ಬಿ.ಎ., ಆಕಾಶ ನೋಡ್ಲಿಕ್ಕೆ ಕರೆದದ್ದಾ ನಿನ್ನ? ಕುರ್ಚಿ ಒರೆಸು. ಆಚೆಯ ಲೋಟ ಮುಟ್ಬೇಡ, ಅದು ಗೆಸ್ಟ್‌ಗಳಿಗೆ. ನಿಮ್ಮವರಿಗೆ ಪೇಪರ್ ಕಪ್ಪು ಉಂಟು."

ಹಾಗೆ ಕೂಗಿದ ರೈಟರ್ ಸತೀಶನಿಗೆ ಕಾಫಿ ತೋಟದ ಲೆಕ್ಕದ ಜೊತೆಗೆ ಆಳುಗಳ ಹುಟ್ಟುಸಾವಿನ ಕಾಗದ ಬರೆಸುವ ಕೆಲಸವೂ ಇತ್ತು. ಎರಡು ವರ್ಷದಲ್ಲಿ ಲೈನಿನ, ಅಂದರೆ ಆಳುಗಳ ಸಾಲುಮನೆಗಳ, ಮೂವರು ತಾವಾಗಿಯೇ ಪ್ರಾಣ ಕಳೆದುಕೊಂಡಿದ್ದರು. ಮೂವರ ಕಾಗದದಲ್ಲೂ ಕಾರಣ ಹೊಟ್ಟೆನೋವು. ರೈಟರಿಗೆ ಬೇರೆ ರೋಗದ ಹೆಸರು ಗೊತ್ತಿರಲಿಲ್ಲ.

ಮೂರನೆಯವನು ಸುಬ್ಬ. ಮರಗಸಿಗೆ, ನೆರಳುಮರದ ಕೊಂಬೆ ಕಡಿಯಲು, ಹತ್ತಿ ಬಿದ್ದು ಸೊಂಟ ಕಳೆದುಕೊಂಡವನು. ಕೂತು ತಿನ್ನುವವನಿಗೆ ಲೈನಿನಲ್ಲಿ ಜಾಗವಿಲ್ಲ ಎಂದು ಸತೀಶ ಹಾಜರಿ ಹೊತ್ತಿನಲ್ಲಿ ಎಲ್ಲರೆದುರು ಹೇಳಿದ್ದ. ಸುಬ್ಬನ ಸಾವು ಪೇಪರಿನಲ್ಲಿ ಎರಡಿಂಚು ಬಂತು. ತೋಟದ ಹೋಂಸ್ಟೇ ಬುಕ್ ಮಾಡಿದ್ದ ಯಾರೋ ಪೇಟೆಯವರು ಅದನ್ನು ಓದಿ, ಅಲ್ಲಿ ದೆವ್ವಗಿವ್ವ ಇಲ್ಲ ತಾನೇ ಎಂದು ಧಣಿ ಪದ್ಮಯ್ಯನವರಿಗೆ ಫೋನು ಮಾಡಿ ಕೇಳಿದರು. ಮೂರು ಹೆಣಕ್ಕೆ ಅಲುಗಾಡದ ಪದ್ಮಯ್ಯ ಆ ಒಂದು ಫೋನಿಗೆ ಅಲುಗಾಡಿದರು. ಮರುವಾರವೇ ಮಾನಸಿಕ ಆರೋಗ್ಯ ಶಿಬಿರ ಗೊತ್ತಾಯಿತು. ಕಾಫಿ ಹಣ್ಣಿನ ಪಿಕ್ಕಿಂಗ್ ಅರ್ಧ ದಿನ ನಿಲ್ಲಿಸಿದ್ದನ್ನು ಭಾನುವಾರ ತುಂಬಿಸಿಕೊಡಬೇಕು ಎಂಬುದೂ ಗೊತ್ತಾಯಿತು.

ಕಾಫಿ ಒಣಗಿಸುವ ಕಣದಲ್ಲಿ ಶಾಮಿಯಾನ. ಮುಂದೆ ಕುರ್ಚಿ, ಹಿಂದೆ ಟಾರ್ಪಾಲು. ಟಾರ್ಪಾಲಿನ ಮೇಲೆ ಲೈನಿನ ಅರವತ್ತು ಜನ. ಮೂರನೇ ಸಾಲಿನಲ್ಲಿ ಸುಬ್ಬನ ಹೆಂಡತಿ ಚನಿಯಾರು, ಮಡಿಲಲ್ಲಿ ಎರಡು ಕೈ ಇಟ್ಟುಕೊಂಡು.

ಅವಳನ್ನು ನೋಡಬಾರದೆಂದು ಹರಿಣಾಕ್ಷಿ ಬೇರೆ ಕಡೆ ನೋಡಿದಳು. ನಿನ್ನೆ ಚನಿಯಾರು ತನ್ನ ಮೊಟ್ಟೆ ಇಡುವ ಕೋಳಿಯನ್ನು ತಂದು ಹರಿಣಾಕ್ಷಿಯ ಅಮ್ಮನ ಕೈಗೆ ಕೊಟ್ಟಿದ್ದಳು. "ನಂಗೆ ಇನ್ನೆಂತಕ್ಕೆ, ನೀವು ಸಾಕಿ" ಅಂದಿದ್ದಳು. ಮೊಟ್ಟೆ ಇಡುವ ಕೋಳಿಯನ್ನು ಯಾರಾದರೂ ಕೊಡುತ್ತಾರಾ? ಅಮ್ಮ ಕೋಳಿ ಇಸಿದುಕೊಂಡು ಬುಟ್ಟಿಯ ಕೆಳಗೆ ಮುಚ್ಚಿಟ್ಟಳು.

ಲೈನಿನ ಮನೆಗಳ ನಡುವಿನ ಗೋಡೆ ಸೂರಿನ ತನಕ ಹೋಗುವುದಿಲ್ಲ. ಕಟ್ಟಿಸಿದವರು ಇಟ್ಟಿಗೆ ಉಳಿಸಿಕೊಂಡಿದ್ದರು. ಒಬ್ಬರ ಕೆಮ್ಮು, ಜಗಳ, ಅಳು ಎಲ್ಲ ಒಂದು ಸಾಲಿನ ಎಂಟೂ ಮನೆಗೆ. ಕೇಳಿಸಿದ್ದನ್ನು ಕೇಳಿಸಿಲ್ಲ ಎಂದುಕೊಂಡಿರುವುದು ಲೈನಿನ ಮರ್ಯಾದೆ. ಅಷ್ಟೊಂದು ಮರ್ಯಾದೆ ಇಲ್ಲದಿದ್ದರೆ ಅಲ್ಲಿ ಒಬ್ಬರ ಮುಖ ಒಬ್ಬರು ನೋಡುವ ಹಾಗಿರಲಿಲ್ಲ. ಹರಿಣಾಕ್ಷಿಯೂ ಹಾಗೇ ಬೆಳೆದವಳು. ಬೆಳಿಗ್ಗೆ ಒಲೆ ಹೊತ್ತಿಸುವಾಗ ಗೋಡೆಯಾಚೆ ಚನಿಯಾರು ಸತ್ತ ಗಂಡನ ಹತ್ತಿರ ಮಾತಾಡುವುದು ಹದಿನೈದು ದಿನದಿಂದ ಕೇಳುತ್ತಿತ್ತು. "ಪಿಕ್ಕಿಂಗ್ ಮುಗೀಲಿ. ರೂಮು ಖಾಲಿ ಮಾಡು ಹೇಳಿದ್ದಾರೆ, ಅಸ್ಸಾಮಿನ ಕೆಲಸದವರಿಗೆ ಬೇಕಂತೆ. ಮತ್ತೆಂಥ, ನಾನೂ ನಿನ್ನ ಹತ್ರವೇ ಬರ್ತೇನೆ."

ಪಿಕ್ಕಿಂಗ್ ಮುಗಿಯಲು ಇನ್ನು ನಾಲ್ಕು ದಿನ.

ಮೈಕು ಹಿಡಿದವರು ರೇಣುಕಪ್ರಸಾದ್. ನಿವೃತ್ತ ಲೆಕ್ಚರರು, ಈಗ ಊರೂರು ತಿರುಗಿ ಸಂತೋಷದ ಬಗ್ಗೆ ಭಾಷಣ ಮಾಡುವುದೇ ಕಸುಬು. ಇಸ್ತ್ರಿಯ ಜುಬ್ಬಾ, ಹಣೆಯಲ್ಲಿ ಗಂಧ.

"ನಿಮಗೆ ಏನು ಕಡಿಮೆ ಹೇಳಿ. ಈ ಗಾಳಿ, ಈ ಹಸಿರು. ಪೇಟೆಯವರು ಇದಕ್ಕಾಗಿ ರಜೆ ಹಾಕಿ ಬರ್ತಾರೆ. ನೀವು ಪುಣ್ಯವಂತರು, ಇಲ್ಲೇ ಹುಟ್ಟಿದ್ದೀರಿ. ಚಿಂತೆ ಅನ್ನೋದು ಮನಸ್ಸಿನ ಕಸ. ಗುಡಿಸಿ ಆಚೆ ಹಾಕಿ."

"ಅದನ್ನೂ ಗುಡಿಸ್ಲಿಕ್ಕೆ ನಾವೇ," ಎಂದಳು ಹಿಂದಿನ ಸಾಲಿನಲ್ಲಿದ್ದ ಮುದುಕಿ ಐತೆ. ನಾಲ್ಕು ಜನ ಸೆರಗಿನಲ್ಲಿ ನಕ್ಕರು.

ಅದು ರೇಣುಕಪ್ರಸಾದರಿಗೆ ತಮ್ಮ ಮಾತಿಗೆ ಸಿಕ್ಕ ನಗುವಿನ ಹಾಗೆ ಕಂಡಿತು. "ಹಾಂ, ನಗು. ಅದೇ ಔಷಧಿ. ಎಲ್ಲರೂ ಕೈ ಮೇಲೆತ್ತಿ. ಹ್ಹ ಹ್ಹ ಹ್ಹ ಅನ್ನಿ. ಜೋರಾಗಿ."

ಅರವತ್ತು ಜನ ಕೈಯೆತ್ತಿ ನಕ್ಕರು. ಕಾಫಿ ಹಣ್ಣಿನ ಕರೆ ಹಿಡಿದ ಕೈಗಳು. ಕುರ್ಚಿಯಲ್ಲಿದ್ದವರು ಮೊಬೈಲು ಎತ್ತಿದರು.

"ಆ ಮೂರನೇ ಸಾಲಿನ ಅಮ್ಮ ನಗ್ತಾ ಇಲ್ಲ. ಎದ್ದು ನಿಲ್ಲಿ ಅಮ್ಮ. ಯಾಕೆ ಇಷ್ಟು ಬಿಗಿ?"

ಚನಿಯಾರು ಎದ್ದು ನಿಂತಳು. ಏನೋ ತಪ್ಪು ಮಾಡಿದವಳ ಹಾಗೆ ಸೆರಗು ಸರಿ ಮಾಡಿಕೊಂಡಳು.

"ಅದ್ರ ಗಂಡ ಹೋದ್ದು ಸರ್, ಸ್ವಲ್ಪ ಬೇಜಾರು ಉಟ್ಟು," ಎಂದರು ಪದ್ಮಯ್ಯ, ಹಟ್ಟಿಯ ಹಸುವಿನ ಕಾಲುನೋವಿನ ಸಂಗತಿ ಹೇಳುವ ದನಿಯಲ್ಲಿ.

"ಹೋದವರು ಹೋದರು. ನೀವು ನಗೋದನ್ನು ನೋಡಿ ಅವರ ಆತ್ಮಕ್ಕೂ ಸಂತೋಷ. ಎಲ್ಲಿ, ಒಂದ್ಸಲ ನಗಿ."

ಚನಿಯಾರು ಬಾಯಿ ತೆರೆದಳು. ಶಬ್ದ ಬರಲಿಲ್ಲ. ಸತೀಶ ಪಕ್ಕದಿಂದ ಹಲ್ಲು ಕಚ್ಚಿ, "ನಗೇ ಮುಂಡೆ, ಹೊತ್ತಾಗ್ತದೆ" ಎಂದ. ಅವಳು ನಕ್ಕಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಹರಿಣಾಕ್ಷಿಯ ಕೈಯೂ ತಟ್ಟಿತು. ಎರಡು ಸಲ ತಟ್ಟಿ ನಿಂತಿತು.

ಆಮೇಲೆ ಫಾರ್ಮು. ಒಬ್ಬೊಬ್ಬರಿಗೂ ಒಂಬತ್ತು ಪ್ರಶ್ನೆ. ಹೌದು ಅಂದವರನ್ನು ಆಫೀಸು ಜಗಲಿಯಲ್ಲಿ ಕೂತಿದ್ದ ಡಾಕ್ಟರ್ ಶ್ರೀಲಕ್ಷ್ಮಿಯವರ ಹತ್ತಿರ ಕಳಿಸಬೇಕು. ಕೇಳಿ ಬರೆಯುವವಳು ಹರಿಣಾಕ್ಷಿ. ಅವಳ ಬೆನ್ನ ಹಿಂದೆ ಸತೀಶ.

"ಎಲ್ಲ 'ಇಲ್ಲ'ಕ್ಕೆ ಹಾಕು. ಒಬ್ಬ ಹೌದು ಅಂದ್ರೆ ನಾಳೆ ಪೇಪರಿನಲ್ಲಿ ಹುಚ್ಚರ ತೋಟ ಅಂತ ಬರ್ತದೆ. ಧಣಿಗಳು ನಿಂಗೆ ಆಫೀಸಿನಲ್ಲಿ ಕೆಲಸ ಕೊಡುವ ಮನಸ್ಸಲ್ಲಿದ್ದಾರೆ, ಹಾಳು ಮಾಡ್ಕೊಳ್ಬೇಡ."

ಮೊದಲು ಐತೆ. "ನಿದ್ದೆ ಬರದೆ ತೊಂದರೆ ಉಂಟಾ ಅಜ್ಜಿ?"

"ಆನೆ ಬರದಿದ್ರೆ ಬರ್ತದೆ. ಆನೆಗೆ ಕೊಡ್ಲಿಕ್ಕೆ ಮಾತ್ರೆ ಉಂಟಾ ಕೇಳು ಡಾಕ್ಟ್ರತ್ರ."

"ಮೊದಲು ಖುಷಿ ಕೊಡುತ್ತಿದ್ದ ಕೆಲಸದಲ್ಲಿ ಈಗ ಆಸಕ್ತಿ ಕಡಿಮೆಯಾಗಿದೆಯಾ?"

"ಯಾವ ಕೆಲಸ ಖುಷಿ ಕೊಡ್ತಿತ್ತು ಮಾರಾಯ್ತಿ? ನಾನು ಮರೆತಿದ್ರೆ ನೀನೇ ನೆನಪು ಮಾಡು."

ಇಲ್ಲ. ಇಲ್ಲ. ಇಲ್ಲ. ಹರಿಣಾಕ್ಷಿಯ ಅಕ್ಷರ ಮುತ್ತಿನ ಹಾಗೆ ಇತ್ತು. ಸುಬ್ಬನ ಹೊಟ್ಟೆನೋವನ್ನು ಬರೆದದ್ದೂ ಅದೇ ಅಕ್ಷರ. ಸತೀಶ ಹೇಳಿದ್ದ, ಅವಳು ಬರೆದಿದ್ದಳು.

ಚನಿಯಾರು ಬಂದು ಎದುರು ಕುಕ್ಕುರುಗಾಲಿನಲ್ಲಿ ಕೂತಳು. "ಚಿಕ್ಕಮ್ಮ, ಸ್ಟೂಲಿದೆ" ಅಂದರೂ ಕೇಳಲಿಲ್ಲ. ಎಂಟು ಪ್ರಶ್ನೆಗೂ ಸತೀಶನ ಚಪ್ಪಲಿ ನೋಡುತ್ತ 'ಇಲ್ಲ' ಅಂದಳು. ಒಂಬತ್ತನೆಯದನ್ನು ಹರಿಣಾಕ್ಷಿ ಫಾರ್ಮಿನಿಂದ ಕಣ್ಣೆತ್ತದೆ ಓದಿದಳು.

"ಬದುಕು ಸಾಕು, ಸತ್ತರೆ ಒಳ್ಳೇದು ಅಂತ ಅನಿಸಿದ್ದುಂಟಾ?"

ಚನಿಯಾರು ತಲೆಯೆತ್ತಿ ಹರಿಣಾಕ್ಷಿಯ ಮುಖ ನೋಡಿದಳು. ನಿನಗೆ ಗೊತ್ತಲ್ಲ ಎಂಬಂತೆ ಒಂದು ಗಳಿಗೆ ನೋಡಿದಳು.

"ಅದಕ್ಕೆ ಹಂಗೆಲ್ಲ ಎಂಥದೂ ಇಲ್ಲ," ಎಂದ ಸತೀಶ. "ಇಲ್ಲ ಅಂತ ಬರಿ."

"ಇಲ್ಲ ಮಗಾ," ಎಂದಳು ಚನಿಯಾರು.

ಹರಿಣಾಕ್ಷಿ ಬರೆದಳು. ಚನಿಯಾರು ಎದ್ದು ಹೋಗಿ ಪೇಪರ್ ಕಪ್ಪುಗಳನ್ನು ಹೆಕ್ಕತೊಡಗಿದಳು. ಯಾರೂ ಹೇಳಿರಲಿಲ್ಲ.

ಹನ್ನೆರಡೂವರೆಗೆ ಡಾಕ್ಟರ್ ಶ್ರೀಲಕ್ಷ್ಮಿ ಜಗಲಿಯಿಂದ ಇಳಿದರು. ಬೆಳಗಿನಿಂದ ಅವರ ಎದುರಿನ ಕುರ್ಚಿ ಖಾಲಿಯೇ ಇತ್ತು. "ಅರವತ್ತರಲ್ಲಿ ಒಬ್ಬರೂ ಇಲ್ವಾ?" ಎಂದರು. "ಆ ಮೂರು ಸಾವು ಆದ ಜಾಗ ಇದೇ ಅಲ್ವಾ?"

"ಅದೆಲ್ಲ ಹೊಟ್ಟೆನೋವು ಡಾಕ್ಟ್ರೇ," ಎಂದರು ಪದ್ಮಯ್ಯ. "ನಮ್ಮ ತೋಟದಲ್ಲಿ ಎಲ್ಲ ಆರಾಮ. ಊಟ ಮಾಡಿಯೇ ಹೋಗ್ಬೇಕು, ಬಂಗಲೆಯಲ್ಲಿ ಕೋಳಿ ಉಟ್ಟು."

"ಬೇಡ, ಸಂಪಾಜೆಯಲ್ಲಿ ಇನ್ನೊಂದು ಕ್ಯಾಂಪಿದೆ." ಅವರು ಜನರ ಕಡೆ ತಿರುಗಿ ಒಂದು ಪೋಸ್ಟರ್ ಎತ್ತಿ ತೋರಿಸಿದರು. "ಒಂದು ನಾಲ್ಕು ನಾಲ್ಕು ಒಂದು ಆರು. ಯಾವ ಹೊತ್ತಿಗಾದರೂ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ. ಮನಸ್ಸಿನಲ್ಲಿರೋದು ಹೇಳೋದಕ್ಕೆ ನಾಚಿಕೆ ಬೇಡ."

"ಸಿಗ್ನಲ್ ಬಂಗಲೆ ಗೇಟಲ್ಲಿ ಮಾತ್ರ ಉಂಟಮ್ಮ," ಎಂದಳು ಐತೆ. "ಅಲ್ಲಿ ನಾಯಿ ಬಿಟ್ಟಿದ್ದಾರೆ."

ಸತೀಶ ಪೋಸ್ಟರನ್ನು ಡಾಕ್ಟರ ಕೈಯಿಂದ ತೆಗೆದುಕೊಂಡು ಮಡಚಿದ. ಆಫೀಸಿನೊಳಗೆ ಚೆನ್ನಾಗಿ ಅಂಟಿಸುತ್ತೇನೆ ಎಂದ. ಫಾರ್ಮಿನ ಕಟ್ಟು ಜೀಪಿಗೆ ಹೋಯಿತು. ರೇಣುಕಪ್ರಸಾದರು ಬಂಗಲೆಯ ಕಡೆ ಹೊರಟರು. ಡ್ರೈವರ್ ಜೀಪು ಚಾಲೂ ಮಾಡಿದ.

ಹರಿಣಾಕ್ಷಿ ಟೇಬಲಿನ ಬದಿಯಲ್ಲೇ ನಿಂತಿದ್ದಳು. ಇವತ್ತು ಇದನ್ನು ಡೈರಿಯಲ್ಲಿ ಬರೆಯುತ್ತೇನೆ ಎಂದುಕೊಂಡಳು. ವಾಕ್ಯವೂ ಸಿದ್ಧವಾಯಿತು, ಚಂದದ ವಾಕ್ಯ. ಆ ಚಂದ ನೋಡಿ ಅವಳಿಗೆ ತನ್ನ ಮೇಲೆಯೇ ಹೇಸಿಗೆ ಹುಟ್ಟಿತು. ಡೈರಿಯನ್ನು ಓದುವವಳು ಅವಳೊಬ್ಬಳೇ. ಸಾಯುವ ಮೊದಲು ಚಿಕ್ಕಪ್ಪ ಗೋಡೆಯಾಚೆ ನರಳಿದ್ದೂ ಅದರಲ್ಲಿ ತಾರೀಕು ಸಮೇತ ಇತ್ತು.

ಅವಳು ಕಣ ದಾಟಿ ಹೋಗಿ ಚನಿಯಾರುವಿನ ಕೈ ಹಿಡಿದಳು. ಹೆಕ್ಕಿದ ಕಪ್ಪುಗಳು ಬಿದ್ದವು.

"ಎಲ್ಲಿಗೆ ಮಗಾ?"

"ಬಾ ಚಿಕ್ಕಮ್ಮ. ನಾನಿದ್ದೇನೆ, ಬಾ."

"ಏಯ್, ಎಲ್ಲಿಗೆ ಎಳ್ಕೊಂಡು ಹೋಗ್ತೀ ಅದನ್ನ?" ಸತೀಶ ಅಡ್ಡ ಬಂದ. "ಬೋಳಿ, ನಾಲ್ಕಕ್ಷರ ಕಲಿತ ಕೊಬ್ಬಾ? ಲೈನಿಗೆ ಹೋಗು."

ಅವಳು ಸುತ್ತು ಹಾಕಿ ನಡೆದಳು. ಟಾರ್ಪಾಲು ಮಡಚುತ್ತಿದ್ದವರು ನಿಂತರು. ಗುಂಪಿನಲ್ಲಿ ಅಮ್ಮ ಇದ್ದಳು, ಬೇಡ ಎಂದು ತಲೆಯಾಡಿಸುತ್ತಿದ್ದಳು. ಹರಿಣಾಕ್ಷಿ ಜೀಪಿನ ಬಾಗಿಲು ಹಿಡಿದುಕೊಂಡಳು. ಡಾಕ್ಟರು ಡ್ರೈವರಿನ ಭುಜ ಮುಟ್ಟಿ ನಿಲ್ಲಿಸಿ, "ಏನಮ್ಮ?" ಎಂದರು.

ಪದ್ಮಯ್ಯ ಹತ್ತಿರ ಬಂದು ನಗುತ್ತ, "ಅದು ನಮ್ಮ ಹುಡುಗಿ ಡಾಕ್ಟ್ರೇ, ಪಾಪ, ಬಾಯಿಯೇ ಇಲ್ಲ ಅದಕ್ಕೆ" ಎಂದರು.

ಚನಿಯಾರುವಿನ ಕೈ ಅವಳ ಕೈಯೊಳಗೆ ತಣ್ಣಗಿತ್ತು. ಬಿಡಿಸಿಕೊಳ್ಳಲಿಲ್ಲ.

"ಇವರ ಫಾರ್ಮು ಸುಳ್ಳು, ಬರೆದದ್ದು ನಾನೇ," ಎಂದಳು ಹರಿಣಾಕ್ಷಿ. ದನಿ ಅವಳಿಗೇ ಗುರುತು ಸಿಗಲಿಲ್ಲ. "ಪಿಕ್ಕಿಂಗ್ ಮುಗಿದ ಮೇಲೆ ಸಾಯ್ತೇನೆ ಅಂತ ಇವರು ದಿನಾ ಹೇಳೋದು ಗೋಡೆಯಾಚೆಯಿಂದ ನಂಗೆ ಕೇಳಿಸ್ತದೆ. ನಮಗೆಲ್ಲ ಕೇಳಿಸ್ತದೆ."