ತೂತು ಮುಚ್ಚಿದ ಪಂಪು

ಅವನನ್ನು ಎಲ್ಲರೂ ಕಿಡಿ ಎಂದೇ ಕರೆಯುತ್ತಿದ್ದರು. ಕೋಪ ಸದಾ ಮೂಗಿನ ತುದಿಯಲ್ಲಿ ಕೂತಿರುತ್ತಿತ್ತು. ನೀರೆತ್ತುವ ಮೋಟಾರು, ಪಂಪುಗಳನ್ನು ರಿಪೇರಿ ಮಾಡುವುದು ಅವನ ಕೆಲಸ. ಕೆಟ್ಟಿದ್ದಕ್ಕೆ ಮೋಟಾರನ್ನು ಬೈಯುತ್ತಾನೆ, ಸರಿಯಾದ ಮೇಲೆ ಮೊದಲೇ ಯಾಕೆ ಸರಿಯಾಗಲಿಲ್ಲ ಎಂದು ಇನ್ನೊಮ್ಮೆ ಬೈಯುತ್ತಾನೆ ಎಂದು ಅಂಗಡಿಯವರು ನಗುತ್ತಿದ್ದರು.

ಆ ವಾರ ಮಾತ್ರ ಅವನ ಕೋಪಕ್ಕೆ ಕಾರಣವಿತ್ತು. ಹೆಂಡತಿಯ ಬಾಣಂತಿ ರಜೆ ಮುಗಿಯುತ್ತ ಬಂದಿತ್ತು. ಸೋಮವಾರ ಬರದಿದ್ದರೆ ಅವಳ ಮೆಷಿನ್ನಿನ ಮುಂದೆ ಬೇರೊಬ್ಬಳು ಕೂರುತ್ತಾಳೆ ಎಂದು ಹೊಲಿಗೆ ಕಾರ್ಖಾನೆಯ ಸೂಪರ್‌ವೈಸರ್ ಫೋನಿನಲ್ಲಿ ಹೇಳಿಬಿಟ್ಟಿದ್ದ. ಮಗಳಿಗೆ ತಾಯಿಯ ಹಾಲು ಬಿಟ್ಟರೆ ಬೇರೆ ರುಚಿಯೇ ಗೊತ್ತಿಲ್ಲ. ಹಗಲೆಲ್ಲ ಅದು ಏನು ಕುಡಿಯಬೇಕು?

"ಹಾಲು ತೆಗೆಯೋ ಪಂಪ್ ತರೋದಾ ಬೇಡ್ವಾ, ಅಷ್ಟು ಹೇಳಮ್ಮ," ಎಂದ ಕಿಡಿ.

ಅವನ ತಾಯಿ ಒಣಗಿದ ಬಟ್ಟೆ ಮಡಚುತ್ತಿದ್ದಳು. "ಎದೆಗೆ ಮೆಷಿನ್ ಹಾಕೋಕೆ ಅವಳೇನು ಹಸುವೇನೋ? ಡಬ್ಬಿ ಹಾಲುಪುಡಿ ಕಲಸಿ ಕೊಟ್ರಾಯ್ತು. ನಿನ್ನ ಇಷ್ಟುದ್ದ ಬೆಳೆಸಿದ್ದು ಯಾವ ಮೆಷಿನ್ನೋ?"

"ಅದಕ್ಕೇ ನಾನು ಹೀಗಿದೀನಿ!"

"ಹೀಗಿರೋದು ನಿಮ್ಮಪ್ಪನ ಕಡೆಯಿಂದ ಬಂದಿದ್ದು. ನನ್ನ ಹಾಲಿನ ಮೇಲೆ ಹಾಕಬೇಡ."

ಮಂಚದ ಮೇಲೆ ಮಗುವನ್ನು ಮಲಗಿಸುತ್ತಿದ್ದ ಹೆಂಡತಿ ತಲೆ ಎತ್ತಿದಳು. "ರೀ, ಒಂದ್ನಿಮಿಷ. ಅಲ್ಲಿ ಕಾರ್ಖಾನೇಲಿ..." ಎಂದಳು. ಅಷ್ಟರಲ್ಲಿ ಅವನು ಅರ್ಧ ಗುಂಡಿ ಹಾಕಿದ ಅಂಗಿಯಲ್ಲೇ ಮೆಟ್ಟಿಲಿಳಿದಾಗಿತ್ತು.

ತಂದದ್ದು ಕೈಯಲ್ಲಿ ಒತ್ತುವ ಪಂಪು. ಎದೆಗೆ ಇಡಲು ಒಂದು ಬಟ್ಟಲು, ಒತ್ತಲು ಒಂದು ಹಿಡಿಕೆ, ಕೆಳಗೆ ಒಂದು ಬಾಟಲಿ. ಮಗು ಆಗಷ್ಟೇ ಹೊಟ್ಟೆ ತುಂಬ ಕುಡಿದು ಮಲಗಿತ್ತು. ಅವಳು ಒಳಕೋಣೆಗೆ ಹೋಗಿ ಬಹಳ ಹೊತ್ತು ಒತ್ತಿದಳು. ಹೊರಗೆ ತಂದಾಗ ಬಾಟಲಿಯ ತಳ ಒದ್ದೆಯಾಗಿತ್ತು, ಅಷ್ಟೆ.

ತಾಯಿ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. "ಇಷ್ಟೇನಾ? ಅಯ್ಯೋ, ಇಷ್ಟು ದಿನ ಕೂಸು ಅರೆಹೊಟ್ಟೇಲಿ ಮಲಗಿದೆಯಲ್ಲೋ!"

"ಈಗಷ್ಟೇ ಕುಡಿಸಿದ್ನಲ್ಲ ಅತ್ತೆ..."

"ಕುಡಿಸಿದ್ದು ಯಾರಿಗೆ ಕಾಣತ್ತೆ? ಇದು ಕಾಣ್ತಿದೆಯಲ್ಲ."

ಮಗುವಿನ ಕೆನ್ನೆ ಬನ್ನಿನ ಹಾಗೆ ಉಬ್ಬಿತ್ತು. ಅದು ಒದ್ದೆ ಮಾಡಿದ ಬಟ್ಟೆಗಳು ಹಗ್ಗದ ಈ ತುದಿಯಿಂದ ಆ ತುದಿಯವರೆಗೆ ನೇತಾಡುತ್ತಿದ್ದವು. ಅದೆಲ್ಲ ಯಾರ ಕಣ್ಣಿಗೂ ಬೀಳಲಿಲ್ಲ. ಮೂವರೂ ಬಾಟಲಿಯ ತಳವನ್ನೇ ನೋಡುತ್ತಿದ್ದರು. ಹೆಂಡತಿಯ ಮುಖ ಸಣ್ಣದಾಯಿತು.

ಕಿಡಿಗೆ ಅದನ್ನು ನೋಡಲಾಗಲಿಲ್ಲ. ಅಮ್ಮ ಯಾರು ಇವಳಿಗೆ ಹಾಲಿಲ್ಲ ಅನ್ನೋಕೆ? ನೀರು ಬರಲಿಲ್ಲವೆಂದು ಬಾವಿಯನ್ನು ದೂರುವವನು ಮೆಕ್ಯಾನಿಕ್ಕೇ ಅಲ್ಲ. ಪಂಪು ಎಲ್ಲಿ ಗಾಳಿ ಎಳೆಯುತ್ತಿದೆ ಎಂದು ಮೊದಲು ಹುಡುಕಬೇಕು. ಅವನು ನೆಲದ ಮೇಲೆ ಬಟ್ಟೆ ಹಾಸಿ ಪಂಪನ್ನು ಬಿಡಿಬಿಡಿಯಾಗಿ ಬಿಚ್ಚಿದ. ಬಟ್ಟಲಿನ ಪಕ್ಕದಲ್ಲಿ ಸೂಜಿಮೊನೆಯಷ್ಟು ತೂತು ಕಂಡಿತು.

"ಸಿಕ್ಕಿದ ನೋಡು ಕಳ್ಳ! ಇಲ್ಲೇ ಗಾಳಿ ಒಳಗೆ ಹೋಗ್ತಿದೆ. ಮಾಡಿದೋನಿಗೆ ತಲೆ ಬೇಡ್ವಾ?" ಎಂದು ಆ ತೂತಿನ ಮೇಲೆ ಟೇಪು ಬಿಗಿದ. ಪಂಪನ್ನು ಮತ್ತೆ ಜೋಡಿಸಿ ಅಂಗೈಗೆ ಇಟ್ಟು ಒತ್ತಿ ನೋಡಿದ. ಜಡ್ಡುಗಟ್ಟಿದ ಅಂಗೈಯ ಚರ್ಮವೂ ಉಬ್ಬಿ ಬಟ್ಟಲಿನೊಳಗೆ ಎದ್ದಿತು. "ಈಗ ಬರತ್ತೆ. ಬರದೆ ಎಲ್ಲಿಗೆ ಹೋಗತ್ತೆ!"

ಮರುದಿನ ಬೆಳಿಗ್ಗೆ ಹೆಂಡತಿ ಪಂಪು ಹಿಡಿದು ಒಳಗೆ ಹೋದಳು. ಬಾಗಿಲ ಹೊರಗೆ ಅತ್ತೆ ನಿಂತಿದ್ದರು, ಬಾಟಲಿ ನೋಡಲು. ಅದಕ್ಕೇ ಅವಳು ನೋವಾದರೂ ನಿಲ್ಲಿಸಲಿಲ್ಲ, ಹಲ್ಲು ಕಚ್ಚಿ ಒತ್ತಿದಳು. ಹೊರಗೆ ಬಂದಾಗ ಬಾಟಲಿಯಲ್ಲಿ ನಿನ್ನೆಗಿಂತ ಹೆಚ್ಚು ಹಾಲಿತ್ತು. ಅದು ಕೆಂಪು ಬೆರೆತ ಹಾಲು.

ಮಗು ಎದ್ದು ಅಳತೊಡಗಿತು. ಅವಳು ಎತ್ತಿ ಎದೆಗಿಟ್ಟುಕೊಂಡಳು, ಅದು ಬಾಯಿ ಹಚ್ಚಿದೊಡನೆ ಚೀರಿ ಬಿಡಿಸಿಕೊಂಡಳು. ಮಗು ಇನ್ನೂ ಜೋರಾಗಿ ಅತ್ತಿತು. ಅತ್ತೆ ಅಡುಗೆಮನೆಯಲ್ಲಿ ಪುಡಿಯ ಡಬ್ಬಿಯ ಮುಚ್ಚಳ ತೆಗೆದ ಸದ್ದು ಕೇಳಿಸಿತು.

ಕಿಡಿ ಕೆಳಗಿನ ಮನೆಗೆ ಓಡಿ, ಆಸ್ಪತ್ರೆಗೆ ಹೊರಟಿದ್ದ ನರ್ಸಕ್ಕನನ್ನು ಚಪ್ಪಲಿಯ ಸಮೇತ ಎಳೆದುಕೊಂಡು ಬಂದ.

ನರ್ಸಕ್ಕ ಗಾಯ ನೋಡಿದಳು, ಪಂಪು ನೋಡಿದಳು. "ಈ ಟೇಪ್ ಯಾರು ಹಾಕಿದ್ದು?"

"ನಾನೇ. ಗಾಳಿ ಎಳೀತಿತ್ತು."

"ಎಳೀಲಿ ಅಂತಾನೇ ಬಿಟ್ಟಿರೋದು ಮಾರಾಯ. ಸೆಳೆತ ಮಿತಿ ಮೀರಬಾರದು ಅಂತ. ಟ್ಯಾಂಕಿಗೆ ನೀರು ಹತ್ತಿಸ್ತಿದ್ಯಾ ನೀನು?"

ಅವನು ತನ್ನ ಅಂಗೈ ನೋಡಿಕೊಂಡ. ನಿನ್ನೆ ಅದಕ್ಕೆ ಏನೂ ಆಗಿರಲಿಲ್ಲ.

"ಹಾಲು ಕಡಿಮೆ ಅಂತ ಮಾಡ್ದ ಪಾಪ," ಎಂದಳು ತಾಯಿ, ಮಗನ ಪರವಾಗಿ.

"ಯಾರಮ್ಮ ಹೇಳಿದ್ದು ಕಡಿಮೆ ಅಂತ? ಮಗು ಮೈ ತುಂಬ್ಕೊಂಡಿದೆ, ಹಗ್ಗ ತುಂಬ ಅದರದ್ದೇ ಬಟ್ಟೆ. ಮಗು ಎಳೆಯೋ ಹಾಗೆ ಪಂಪ್ ಎಳೆಯಲ್ಲ. ಅದೂ ಕುಡಿಸಿದ ಮೇಲೆ ಇಟ್ರೆ ಏನು ಬರತ್ತೆ?" ನರ್ಸಕ್ಕ ಟೇಪನ್ನು ಕಿತ್ತಳು. "ಒಂದು ಕಡೆ ಚೆನ್ನಾಗೇ ಇದೆ, ಅಲ್ಲಿ ಕುಡಿಸು ತಾಯಿ. ಗಾಯದ ಕಡೆ ಕೈಯಿಂದ ಮೆತ್ತಗೆ ತೆಗಿ, ತುಂಬಿ ಕಲ್ಲಾಗೋಕೆ ಬಿಡಬೇಡ. ಜ್ವರ ಬಂದ್ರೆ ಡಾಕ್ಟರ್ ಹತ್ರ ಬಾ."

"ಹಾಗಾದ್ರೆ ಈ ಪಂಪ್ ಬೇಕಾ ಬೇಡ್ವಾ ಅಕ್ಕಾ?" ಎಂದ ಕಿಡಿ.

"ನನ್ನ ಕೇಳ್ತೀಯಲ್ಲೋ. ಎದೆ ಯಾರದು?"

ಎಲ್ಲರೂ ಅವಳತ್ತ ತಿರುಗಿದರು. ಈ ಮನೆಯಲ್ಲಿ ಆ ಪ್ರಶ್ನೆ ಅವಳವರೆಗೆ ಬಂದದ್ದು ಅದೇ ಮೊದಲು.

"ಬೇಕು," ಎಂದಳು ಅವಳು. "ಹಗಲೆಲ್ಲ ತೆಗೀದಿದ್ರೆ ಎದೆ ಬಿಗಿಯತ್ತೆ, ಆಮೇಲೆ ಹಾಲೇ ನಿಲ್ಲತ್ತೆ. ಆದ್ರೆ ಕಾರ್ಖಾನೇಲಿ ಕೂರೋಕಿರೋದು ಚಿಂದಿ ಹಾಕೋ ಕೋಣೆ ಒಂದೇ, ಅದರ ಬಾಗಿಲಿಗೆ ಚಿಲಕ ಇಲ್ಲ. ಅವತ್ತು ಅದನ್ನೇ ಹೇಳೋಕೆ ಬಾಯಿ ತೆಗೆದೆ. ನೀವು ಅಂಗಡಿಗೆ ಓಡಿದ್ರಿ."

ಸೋಮವಾರ ಊಟದ ಬಿಡುವಿಗೆ ಕಿಡಿ ಚಿಲಕ, ಸ್ಕ್ರೂ ಹಿಡಿದು ಕಾರ್ಖಾನೆಗೆ ಹೋದ. ಅಲ್ಲಿನ ನೀರಿನ ಮೋಟಾರು ನೋಡಿಕೊಳ್ಳುವವನು ಅವನೇ ಆದ್ದರಿಂದ ಗೇಟಿನವನು ತಡೆಯಲಿಲ್ಲ. ತಡೆದದ್ದು ಸೂಪರ್‌ವೈಸರ್.

"ಚಿಲಕ ಹಾಕಿದ್ರೆ ಎಲ್ಲರೂ ಒಳಗೆ ಹೋಗಿ ಮಲಗ್ತಾರೆ. ಮುಟ್ಟಬೇಡ."

ಕಿಡಿ ಒಂದು ಹೆಜ್ಜೆ ಮುಂದಿಟ್ಟ. ಇವನ ತಾಯಿ ಇವನಿಗೆ ಏನು ಕುಡಿಸಿ ಬೆಳೆಸಿದಳೋ! ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಅವನ ತೋಳು ಹಿಡಿದಳು.

"ಬೈಬೇಡಿ. ಬಾಗಿಲು ಯಾರನ್ನೂ ಬೈಯಲ್ಲ, ಸುಮ್ನೆ ನಿಲ್ಲತ್ತೆ. ಹಾಗೆ ನಿಲ್ಲಿ."

ಅವಳು ಒಳಗೆ ಹೋದಳು. ಅವನು ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಸೂಪರ್‌ವೈಸರ್ ಎದುರಿಗೇ ಗಡಿಯಾರ ನೋಡುತ್ತ ಓಡಾಡಿದ. ಒಳಗಿನಿಂದ ಹಿಡಿಕೆಯ ಸದ್ದು ಬರುತ್ತಿತ್ತು, ಮೆಲ್ಲಗೆ, ನಡುನಡುವೆ ನಿಂತು. ಇದೇ ಮೋಟಾರಾಗಿದ್ದರೆ ಸೆಳೆತ ಸಾಲದು ಎನ್ನುತ್ತಿದ್ದ. ಇನ್ನಷ್ಟು ಒತ್ತು ಎಂಬ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡ.

ಹೊರಗೆ ಬಂದವಳು ಒದ್ದೆ ಬಟ್ಟೆ ಸುತ್ತಿದ ಬಾಟಲಿಯನ್ನು ಅವನ ಕೈಗಿಟ್ಟಳು. ಅವನು ಬಾಟಲಿ ನೋಡಲಿಲ್ಲ. "ನೋವಾಯ್ತಾ?" ಎಂದ.

"ತಡ್ಕೊಳ್ಳೋ ಅಷ್ಟು."

"ನಾಳೇನೂ ಬರ್ತೀಯೇನಪ್ಪ, ಬಾಗಿಲಾಗೋಕೆ?" ಎಂದು ಸೂಪರ್‌ವೈಸರ್ ನಕ್ಕ.

"ನಾಳೆ ನಾನೇ ಚಿಂದಿ ಮೂಟೆ ಅಡ್ಡ ಎಳ್ಕೋತೀನಿ ಸರ್," ಎಂದು ಅವಳು ಮೆಷಿನ್ನಿನತ್ತ ನಡೆದಳು. ಮೂಟೆ ಅವಳ ಸೊಂಟದೆತ್ತರವಿತ್ತು. ನೋವಿರುವ ಕಡೆಯ ತೋಳನ್ನು ಅವಳು ಮೈಗೆ ಒತ್ತಿಕೊಂಡೇ ನಡೆಯುತ್ತಿದ್ದಳು.

ಮನೆಯಲ್ಲಿ ಮಗು ಅಜ್ಜಿಯ ಹೆಗಲ ಮೇಲೆ ಗಂಟಲು ಹರಿದುಕೊಳ್ಳುತ್ತಿತ್ತು. ಕಿಡಿ ತಂದ ಬಾಟಲಿಯ ಬಟ್ಟೆ ಬಿಡಿಸಿ ಅವನ ತಾಯಿ ಬೆಳಕಿಗೆ ಎತ್ತಿದಳು. "ಇಷ್ಟೇ..."

"ಅಳತೆ ನೋಡ್ಬೇಡಮ್ಮ. ಕುಡಿಸು."

ಚಮಚದಲ್ಲಿ ಕೊಟ್ಟ ಹಾಲು ಬೇಗ ಮುಗಿಯಿತು. ಮಗು ಇನ್ನೂ ತುಟಿ ಚಾಚುತ್ತಿತ್ತು. ತಾಯಿ ಪುಡಿಯ ಡಬ್ಬಿಯನ್ನು ನೋಡಿದಳು, ಆಮೇಲೆ ಮಗನನ್ನು. ಬೈಗುಳಕ್ಕೆ ಕಾದು ನಿಂತಂತೆ ನಿಂತಳು.

"ಅದನ್ನೂ ಸ್ವಲ್ಪ ಕಲಸಿ ಕೊಡು," ಎಂದ ಅವನು. ದನಿ ಅವನದೇ ಅನ್ನಿಸಲಿಲ್ಲ. "ಆದ್ರೆ ಸಾಯಂಕಾಲ ಅವಳು ಬಂದಾಗ ಇಷ್ಟೇನಾ ಅನ್ಬೇಡ. ಮಗೂನ ಅವಳ ಕೈಗೆ ಕೊಟ್ಟು ಈಚೆ ಬಾ."