ಅತ್ತಿಗೆಯ ಅಂಗೈ

ಮೈದುನ ಕೆಲಸ ಮಾಡುವ ಜಾಗ ನೋಡಬೇಕೆಂದು ಅತ್ತಿಗೆಗೆ ಬಹಳ ದಿನದ ಆಸೆ. ತಾಯಿಯಿಲ್ಲದ ಹುಡುಗನನ್ನು ಸಾಕಿದವಳು ಆಕೆ. ಅವನು ಸ್ವಲ್ಪ ಸಪ್ಪಗಿದ್ದರೂ ಸಾಕು, ಈಗಲೂ ಹಣೆ ಮುಟ್ಟಿ ಕಾವು ನೋಡುತ್ತಿದ್ದಳು. "ನಾಳೆ ಬನ್ನಿ ಅತ್ತಿಗೆ, ನಮ್ಮ ಯಂತ್ರ ತೋರಿಸ್ತೀನಿ. ಕೈಗೆ ಮಾತ್ರ ಏನೂ ಹಚ್ಕೋಬೇಡಿ" ಅಂದಾಗ, ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಕೆಲಸಕ್ಕೆ ರಜೆ ಹಾಕಿ, ಇದ್ದುದರಲ್ಲಿ ಒಳ್ಳೆ ಬಟ್ಟೆ ತೊಟ್ಟು ಬಂದೇಬಿಟ್ಟಳು. ಕರೆದದ್ದು ಯಾಕೆ ಅಂತ ಆ ಮಹಾಶಯ ಬಾಯಿಬಿಟ್ಟಿರಲಿಲ್ಲ.

ವಿಷಯ ಇಷ್ಟೇ. ಆ ಯಂತ್ರ ಚರ್ಮದ ಮೇಲೆ ಕ್ಷಣಮಾತ್ರ ಲೇಸರ್ ಬೆಳಕು ಬಿಡುತ್ತದೆ. ಚರ್ಮ ಒಂದಿಷ್ಟು ಬೆಚ್ಚಗಾಗಿ, ಕಣ್ಣಿಗೆ ಕಾಣದ ಶಾಖ ಹೊರಗೆ ಬಿಡುತ್ತದೆ. ಆ ಶಾಖ ಇಳಿಯುವ ರೀತಿ ನೋಡಿ, ಚರ್ಮದಲ್ಲಿ ನೀರೆಷ್ಟಿದೆ ಅಂತ ಯಂತ್ರ ಲೆಕ್ಕ ಹಾಕುತ್ತದೆ. ನೋವಿಲ್ಲ, ಗಾಯವಿಲ್ಲ. ಅವತ್ತು ಕ್ರೀಮ್ ತಯಾರಿಸುವ ಕಂಪನಿಯವರು ಅದನ್ನು ನೋಡಲು ಬಂದಿದ್ದರು. ಅವರು ಒಪ್ಪಿದರೆ ಮೈದುನನ ಕೆಲಸ ಕಾಯಂ, ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. ತೋರಿಸೋದಕ್ಕೆ ಒಣಗಿ ಒಡೆದ ಅಂಗೈ ಬೇಕಿತ್ತು. ಮನೆಯಲ್ಲೇ ಇತ್ತಲ್ಲ!

ಅತ್ತಿಗೆ ಕುರ್ಚಿಯಲ್ಲಿ ಕೂತು, ನಗುತ್ತಾ ಕೈ ಚಾಚಿದಳು.

"ನೋಡಿ ಸಾರ್," ಮೈದುನ ಶುರುಮಾಡಿದ, "ವರ್ಷಗಟ್ಟಲೆ ಸೋಪುನೀರಲ್ಲಿ ನೆಂದ ಕೈ. ಇಷ್ಟು ಕೆಟ್ಟ ಚರ್ಮ ಹುಡುಕಿದರೂ ಸಿಗಲ್ಲ. ನೀರಿನ ಪಸೆಯೇ ಇರಲ್ಲ, ನೋಡ್ತಿರಿ."

ನಾಲಿಗೆಗೆ ಎಲುಬಿಲ್ಲ ಅಂತಾರೆ, ಇವನಿಗೆ ಕಣ್ಣೂ ಇರಲಿಲ್ಲ. ಅತ್ತಿಗೆಯ ಮುಖ ಸಣ್ಣಗಾದದ್ದು ಅವನಿಗೆ ಕಾಣಲೇ ಇಲ್ಲ. ಅಳೆದಾಗ ಯಂತ್ರದ ಪರದೆಯ ಮೇಲಿನ ಅಂಕಿ ಮಾತ್ರ ಕಂಡಿತು. ಒದ್ದೆ ಚರ್ಮ ಅನ್ನುತ್ತಿತ್ತು!

"ಏನ್ ಹಚ್ಕೊಂಡು ಬಂದ್ರಿ?"

"ಏನೂ ಇಲ್ಲಪ್ಪ. ನೀನೇ ಬೇಡ ಅಂದಿದ್ದೆಯಲ್ಲ."

"ಸುಳ್ಳು ಹೇಳಬೇಡಿ ಅತ್ತಿಗೆ! ಎಣ್ಣೆ ಗಿಣ್ಣೆ ಸವರಿರ್ತೀರಿ."

ಅಷ್ಟೂ ಜನರ ಎದುರು ಸ್ಪಿರಿಟ್ ಹತ್ತಿ ತಂದು ಆ ಅಂಗೈ ತಿಕ್ಕಿದ. ಬಿರುಕುಗಳು ಉರಿದಿರಬೇಕು, ಆದರೂ ಆಕೆ ಕೈ ಹಿಂದಕ್ಕೆಳೆಯಲಿಲ್ಲ. ಮತ್ತೆ ಅಳೆದ. ಅಂಕಿ ಇನ್ನೂ ಮೇಲೆ!

ಪಕ್ಕದಲ್ಲೇ ನಿಂತಿದ್ದ ಅವನ ಮೇಲಧಿಕಾರಿ ಮೇಡಂಗೆ ತಡೆಯಲಾಗಲಿಲ್ಲ. "ಕುಣಿಯಲಾರದವನು ನೆಲ ಡೊಂಕು ಅಂದನಂತೆ! ಅದು ಬೆವರು ಕಣಯ್ಯ. ಹತ್ತು ಜನರ ಮುಂದೆ ಮಾನ ತೆಗೆದರೆ ಯಾರ ಅಂಗೈ ಬೆವರಲ್ಲ? ನಂಬಿಕೆ ಇಲ್ವಾ? ನಿನ್ನ ಕೈ ಇಟ್ಟು ನೋಡು."

ಇಟ್ಟ. ಅಂಕಿ ಅತ್ತಿಗೆಯದನ್ನೂ ದಾಟಿ ಏರಿತು. ಛೇ, ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅವನಿಗೆ. ತಲೆ ಎತ್ತಲು ಆಗಲಿಲ್ಲ.

ಕಂಪನಿಯವರೋ, ಖುಷಿಯಿಂದ ಎದ್ದು ನಿಂತರು. "ಅಬ್ಬಬ್ಬಾ, ಇಷ್ಟು ಸೂಕ್ಷ್ಮವಾಗಿ ಹಿಡಿಯುತ್ತಾ! ಇದೇ ನಮಗೆ ಬೇಕಾಗಿದ್ದು," ಅಂತ ಅವನ ಒದ್ದೆ ಕೈಯನ್ನೇ ಕುಲುಕಿದರು. ಕೆಲಸ ಕಾಯಂ ಆಯಿತು ಅಂತ ಮೇಡಂ ಅಲ್ಲೇ ಹೇಳಿದರು, ನಗದೆ.

ಅವನು ಅತ್ತಿಗೆಯನ್ನು ಬಾಗಿಲವರೆಗೆ ಬಿಡಲು ಹೋದ. ತಪ್ಪಾಯ್ತು ಅನ್ನಲು ಹೊರಟವನನ್ನು ಆಕೆಯೇ ತಡೆದಳು.

"ಕೆಲಸ ಆಯ್ತಲ್ಲ, ಬಿಡು," ಅಂದಳು ಆಕೆ. "ನಿಮ್ಮಣ್ಣನಿಗೆ ಅಷ್ಟೇ ಹೇಳು ಸಾಕು." ಆಮೇಲೆ ಅವನ ಮುಖ ನೋಡಿ, "ಯಾಕೋ ಹೀಗೆ ಕೆಂಪಗಾಗಿದ್ದೀಯ? ಜ್ವರ ಗಿರ ಬಂತಾ?" ಅಂತ ಹಣೆಯತ್ತ ಕೈ ಎತ್ತಿದಳು.

ಕೈ ಅರ್ಧದಲ್ಲೇ ನಿಂತಿತು. ಆಕೆ ಅಂಗೈಯನ್ನು ಒಮ್ಮೆ ನೋಡಿಕೊಂಡು, ಚೀಲದೊಳಗೆ ಬಚ್ಚಿಟ್ಟುಕೊಂಡು ಹೊರಟಳು.