ಸ್ವಿಚ್ಚು ಒತ್ತುವ ಕೈ

ನನ್ನ ಹಳೆಯ ಕಂಪ್ಯೂಟರು ಈ ಬೇಸಿಗೆಯಲ್ಲಿ ಸತ್ತಿತು. ನಮ್ಮೂರು ಕರ್ಕಿಯ ಉಪ್ಪುಗಾಳಿ ಕಿಟಕಿಯ ಸರಳನ್ನೇ ತಿಂದು ಹಾಕುತ್ತದೆ, ಇನ್ನು ಮದರ್‌ಬೋರ್ಡು ಯಾವ ಲೆಕ್ಕ. ಯಕ್ಷಗಾನದ ಪೋಸ್ಟರು, ಮದುವೆಯ ಕರೆಯೋಲೆ ಎಲ್ಲ ಅದರಲ್ಲೇ ಮಾಡಿ ಹೊಟ್ಟೆ ಹೊರೆದವನು ನಾನು. ಬೇಸರವಾಗಬೇಕಿತ್ತು. ಖುಷಿಯಾಯಿತು. ದಿನಕರನನ್ನು ಕರೆಯಲು ಒಂದು ನೆಪ ಸಿಕ್ಕಿತಲ್ಲ!

ದಿನಕರ ಹೊಳೆಯಾಚೆಯ ಕಾಸರಕೋಡಿನವನು, ಬೋಟಿನ ಇಂಜಿನ್ ರಿಪೇರಿಯವನು. ಆ ಕಂಪ್ಯೂಟರನ್ನು ಒಂದು ಮಳೆಗಾಲದಲ್ಲಿ, ಬೋಟುಗಳೆಲ್ಲ ದಡ ಹತ್ತಿ ಅವನಿಗೆ ಕೆಲಸವಿಲ್ಲದಿದ್ದಾಗ, ನಾವಿಬ್ಬರೂ ಇದೇ ಜಗಲಿಯಲ್ಲಿ ಕೂತು ಜೋಡಿಸಿದ್ದು. ಕೊನೆಗೆ ನಾನು ಸ್ವಿಚ್ಚಿಗೆ ಕೈ ಚಾಚಿದರೆ ಪಟ್ಟನೆ ಹೊಡೆದ.

"ಹೋಯ್, ಕೈ ತೆಗಿ. ನಮ್ಮನೆ ಪದ್ಧತಿ ಗೊತ್ತಿಲ್ವ? ಹೊಸ ಇಂಜಿನ್ ಯಜಮಾನನೇ ಚಾಲೂ ಮಾಡೂಕಾಗುದಿಲ್ಲ. ಬೇರೆಯವ್ರ ಕೈಯೇ ಆಗ್ಬೇಕು."

ದಾಸವಾಳ ಏರಿಸಿ, ಕಾಯಿ ಒಡೆದು, ತಾನೇ ಒತ್ತಿದ. ಪರದೆ ಬೆಳಗಿದಾಗ ಇಬ್ಬರೂ "ಬಂತು!" ಎಂದು ಕೂಗಿದ್ದು ಕೇಳಿ ಪಕ್ಕದ ಮನೆಯವರು ಹಾವು ಬಂತೆಂದು ಕೋಲು ಹಿಡಿದು ಓಡಿಬಂದಿದ್ದರು.

ಆಮೇಲೆ ಜಗಳವಿಲ್ಲ, ಮುನಿಸಿಲ್ಲ. ಅವನಿಗೆ ಸಂಸಾರವಾಯಿತು, ನನಗೆ ಆಗಲಿಲ್ಲ. ನಡುವೆ ಶರಾವತಿ ಸೇತುವೆ ಒಂದೇ ಇದ್ದರೂ ಬರುವುದು ನಿಂತಿತು.

ಈ ಸಲ ಹೊಸದನ್ನು ಜೋಡಿಸಲು ಅವನನ್ನು ಕರೆಯುವ ಮೊದಲು ತಯಾರಾಗಬೇಕು ಅನ್ನಿಸಿತು. ನಾನು ಕಣ್ಣು ಮುಚ್ಚಿಕೊಂಡಿದ್ದ ಕಾಲದಲ್ಲಿ ಕಂಪ್ಯೂಟರಿನ ಲೋಕ ಎಲ್ಲಿಗೋ ಹೋಗಿಬಿಟ್ಟಿತ್ತು. ಅವನೆದುರು ಪೆದ್ದನಾಗುವುದು ಬೇಡವೆಂದು ಫೋನಿನಲ್ಲಿ ವಿಡಿಯೋ ನೋಡುತ್ತ ಕೂತೆ. ಪ್ರೊಸೆಸರಿನ ಹೊಟ್ಟೆಯಡಿ ಇದ್ದ ಸೂಜಿಗಳು ಈಗ ಬೋರ್ಡಿನ ಮೇಲೆ ಬಂದಿವೆಯಂತೆ. ಹಾರ್ಡ್ ಡಿಸ್ಕಿನ ಡಬ್ಬಿ ಹೋಗಿ ಬಿಸ್ಕೀಟಿನಷ್ಟು ತೆಳ್ಳಗಿನ ಪಟ್ಟಿ ಬಂದಿದೆಯಂತೆ. ಗ್ರಾಫಿಕ್ಸ್ ಕಾರ್ಡು ತನ್ನ ಭಾರಕ್ಕೆ ತಾನೇ ಜೋತುಬಿದ್ದು ಅದಕ್ಕೊಂದು ಊರುಗೋಲು ಬೇಕಂತೆ. ಹೊಸ ರ‍್ಯಾಮು ಮೊದಲ ಸಲ ಚಾಲೂ ಮಾಡಿದಾಗ ತನ್ನನ್ನು ತಾನು ಹೊಂದಿಸಿಕೊಳ್ಳುತ್ತ ಕೂರುತ್ತದಂತೆ. ಅಷ್ಟು ಹೊತ್ತು ಪರದೆ ಕಪ್ಪು, ಹೆದರಿ ಆರಿಸಬಾರದಂತೆ. ಒಂದೊಂದು ತಿಳಿದಾಗಲೂ ಇದನ್ನು ದಿನಕರನಿಗೆ ಹೇಳಬೇಕು, ಅವನ ಮುಖ ನೋಡಬೇಕು ಎಂದು ಒಳಗೇ ನಗುತ್ತಿದ್ದೆ.

ಬೋಟುಗಳು ದಡ ಸೇರಿದ ಮೇಲೆ ಫೋನು ಮಾಡಿದೆ. ಕಲಿತದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಅವನು ಪೂರ್ತಿ ಕೇಳಿದ, ಅದು ಅವನ ಒಳ್ಳೆಯತನ.

"ಅದೆಲ್ಲ ಮರ್ತೇ ಹೋತು ಮಾರಾಯಾ. ನಂಗೀಗ ಎಂತ ಬೇಕಿದ್ರೂ ಮೊಬೈಲೇ ಸಾಕು. ನೀ ಒಂದು ರೆಡಿ ಲ್ಯಾಪ್‌ಟಾಪ್ ತಕಂಬುಡು, ಸುಮ್ನೆ ಎಂತಕ್ಕೆ ತ್ರಾಸು?"

"ಬರ್ತಿಯಾ ಹೇಳು. ಒಂದಿನ."

"ನೋಡ್ವ, ನೋಡ್ವ" ಎಂದ. ನಮ್ಮ ಕಡೆ ಆ ಮಾತಿಗೆ ಅರ್ಥ ಒಂದೇ, ಬರುವುದಿಲ್ಲ.

ಅವನಿಗಾಗಿ ಓಡಿ ಬಸ್ಸು ಹಿಡಿದರೆ ಅದರಲ್ಲಿ ಅವನೇ ಇಲ್ಲದ ಹಾಗಾಯಿತು. ಸಿಟ್ಟು ಬಂತು, ಅಳುವೂ ಬಂತು. ಆದರೂ ಸಾಮಾನು ತರಿಸಿದೆ. ಒಬ್ಬನೇ ಜಗಲಿಯಲ್ಲಿ ಕೂತು ಜೋಡಿಸಿದೆ, ಎಲ್ಲೂ ತಪ್ಪಲಿಲ್ಲ. "ಸ್ಕ್ರೂ ಕೊಡು" ಎಂದು ಎರಡು ಸಲ ಗಾಳಿಗೆ ಕೈ ಚಾಚಿದ್ದು ಬಿಟ್ಟರೆ.

ಸ್ವಿಚ್ಚು ಒತ್ತುವುದು ಉಳಿಯಿತು. ನಾನೇ ಒತ್ತಬಹುದಿತ್ತು, ತಡೆಯುವವರು ಯಾರು? ಕೈ ಬರಲಿಲ್ಲ. ಯಂತ್ರಕ್ಕೆ ಮೈ ಒರೆಸುವ ಬೈರಾಸು ಹೊದಿಸಿ ಇಟ್ಟೆ. ಪೋಸ್ಟರಿನವರು ಬಂದು ಬಂದು ಬೈದು ಹೋದರು. ಅಂಗಳದಲ್ಲಿ ಬೈಕಿನ ಸದ್ದಾದರೆ ಎದ್ದು ನೋಡುತ್ತಿದ್ದೆ.

ಕಡೆಗೆ ಬಂದವಳು ಒಣಮೀನು ಮಾರುವ ಮಾಸ್ತಮ್ಮ. ಬುಟ್ಟಿ ಇಳಿಸಿದಳು.

"ಮಾಸ್ತಮ್ಮಾ, ಇದ್ನ ಒಂದ್ಸಲ ಒತ್ತು."

"ನಾನಾ? ಕೈಯೆಲ್ಲ ಮೀನು ಅಲ್ದನಾ?"

"ಅಡ್ಡಿಲ್ಲ. ಒತ್ತು."

ಸೆರಗಿಗೆ ಬೆರಳು ಒರೆಸಿ, ಕಣ್ಣು ಮುಚ್ಚಿ ಒತ್ತಿದಳು. ಫ್ಯಾನು ತಿರುಗಿತು. ಪರದೆ ಕಪ್ಪು.

"ಅಯ್ಯೋ, ನನ್ನ ಕೈಗೆ ಹಾಳಾತಾ?"

"ಇಲ್ಲ, ಹೊಸ ರ‍್ಯಾಮು ಹಾಗೇ. ಮೊದ್ಲು ತನ್ನಷ್ಟಕ್ಕೆ ಹೊಂದಿಸ್ಕಳ್ತದೆ. ಸ್ವಲ್ಪ ಹೊತ್ತು ಕೂತ್ಕೋ, ಚಾ ಮಾಡ್ತೆ" ಎಂದೆ. ಕಲಿತ ವಿದ್ಯೆಯನ್ನೆಲ್ಲ ಅವಳಿಗೆ ಹೇಳತೊಡಗಿದೆ. ಊರುಗೋಲಿನ ಕಾರ್ಡಿನ ತನಕ ಬಂದಾಗ ಅವಳು ಎದ್ದಳು.

"ಮಳೆ ಬಂದ್ರೆ ಮೀನು ಹಾಳು ತಮಾ. ಒಬ್ಬಂಗೆ ಇಷ್ಟ್ ದೊಡ್ಡ ಮಿಷನ್ನಾ?" ಎಂದು ಬುಟ್ಟಿಗೆ ಕೈ ಕೊಡಿಸಿಕೊಂಡು ಹೊರಟಳು.

ಅವಳು ಬೇಲಿಯ ದಣಪೆ ದಾಟಿದ್ದಳೋ ಇಲ್ಲವೋ, ಪರದೆ ಬೆಳಗಿತು.

"ಬಂತು!" ಎಂದು ಕೂಗಿದೆ. ಅಂಗಳಕ್ಕೆ ಓಡಿ ಇನ್ನೊಮ್ಮೆ ಕೂಗಿದೆ. ಮಾಸ್ತಮ್ಮ ತಿರುವು ದಾಟಿಯಾಗಿತ್ತು. ಪಕ್ಕದ ಮನೆಗೆ ಬೀಗ ಬಿದ್ದು ವರ್ಷಗಳಾಗಿದ್ದವು. ಕೋಲು ಹಿಡಿದು ಯಾರೂ ಓಡಿಬರಲಿಲ್ಲ.